ಮುರಿದ ಶಾಫ್ಟ್ ಲ್ಯಾಬ್‌ಗೆ ಹೋಗುವ ಮುಂಚೆ, ಹೋದ ಮೇಲೆ

ಯಂತ್ರದ ಭಾಗ ಮುರಿದಾಗ ಶಾಪ್ ಫ್ಲೋರ್‌ನಲ್ಲಿ ಮೊದಲು ಕೇಳಿಸುವ ಮಾತು, 'ಮೆಟೀರಿಯಲ್ ಸರಿ ಇಲ್ಲ'. ಎರಡನೆಯದು, 'ಸ್ಪೇರ್ ಎಲ್ಲಿದೆ?' ಮುರಿದ ತುಂಡು ಸ್ಕ್ರ್ಯಾಪ್ ಗುಡ್ಡೆಗೆ ಹೋಗುತ್ತದೆ. ಹೊಸದೂ ಅದೇ ಜಾಗದಲ್ಲಿ ಮುರಿದಾಗ ಯಾರಿಗೋ ಲ್ಯಾಬ್ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಮೊದಲ ತುಂಡು ಮಳೆಯಲ್ಲಿ ನೆಂದು ತುಕ್ಕಿನ ಮುದ್ದೆಯಾಗಿರುತ್ತದೆ.

ಲ್ಯಾಬ್‌ನಲ್ಲಿ ಕೂತವರು ಮಂತ್ರವಾದಿಗಳಲ್ಲ. ಮುರಿದ ಮುಖದ ಮೇಲೆ ಏನು ಉಳಿದಿದೆಯೋ ಅದನ್ನು ಓದುತ್ತಾರೆ, ಅಷ್ಟೇ. ಆ ಮುಖ ಕೆಡದ ಹಾಗೆ ನೋಡಿಕೊಳ್ಳುವುದು, ಯಂತ್ರದ ಕಥೆ ಪೂರ್ತಿ ಹೇಳುವುದು, ಈ ಎರಡೂ ನಿಮ್ಮ ಕೆಲಸ. ಅರ್ಧ ತನಿಖೆ ಲ್ಯಾಬ್ ಬಾಗಿಲು ಮುಟ್ಟುವ ಮುಂಚೆಯೇ ಗೆದ್ದಿರುತ್ತದೆ, ಇಲ್ಲವೇ ಸೋತಿರುತ್ತದೆ.

ಉದಾಹರಣೆಗೆ ಒಂದು ಸಕ್ಕರೆ ಕಾರ್ಖಾನೆ ಅಂದುಕೊಳ್ಳಿ. ಕಬ್ಬು ಅರೆಯುವ ಸೀಸನ್, ರಾತ್ರಿ ಪಾಳಿ. ಗೇರ್‌ಬಾಕ್ಸಿನ 90 ಮಿ.ಮೀ. ಶಾಫ್ಟ್ ಬೇರಿಂಗ್ ಕೂರುವ ಮೆಟ್ಟಿಲಲ್ಲಿ, ಅಂದರೆ ದಪ್ಪ ಬದಲಾಗುವ ಜಾಗದಲ್ಲಿ, ತುಂಡಾಗಿದೆ. ಡ್ರಾಯಿಂಗ್‌ನಲ್ಲಿ ಇಎನ್24 ಉಕ್ಕು (ನಿಕ್ಕಲ್, ಕ್ರೋಮಿಯಂ ಬೆರೆಸಿದ ಗಟ್ಟಿ ಉಕ್ಕು) ಎಂದಿದೆ. ಹೊರಗೆ ಕಬ್ಬಿನ ಲಾರಿಗಳ ಸಾಲು ನಿಂತಿದೆ. ಎಲ್ಲರಿಗೂ ಅವಸರ.

ಮೊದಲ ಒಂದು ಗಂಟೆ

ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಇಲ್ಲಿ ಜಾಸ್ತಿ.

ಎರಡು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ನೋಡಬೇಡಿ. ಎಲ್ಲರಿಗೂ ಕೈ ತುರಿಸುತ್ತದೆ, ಸರಿಯಾಗಿ ಕೂರುತ್ತದಾ ಅಂತ ನೋಡುವ ಆಸೆ. ಮುರಿದ ಮುಖದ ಗೆರೆಗಳು ಮೈಕ್ರಾನ್ ಲೆಕ್ಕದಲ್ಲಿ ಇರುತ್ತವೆ. ಒಂದು ಸಲ ಉಜ್ಜಿದರೆ ಸಾಕು, ಸವೆದು ಹೋಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನಲ್ಲಿ ಉಪ್ಪಿದೆ. ನಾಳೆ ಲ್ಯಾಬ್‌ನವರು ಅಲ್ಲಿ ಕ್ಲೋರಿನ್ ಕಂಡು 'ರಾಸಾಯನಿಕ ಸವಕಳಿ (ಕೊರೋಷನ್) ಇರಬಹುದು' ಎಂದರೆ, ಅದು ನಿಮ್ಮ ಬೆರಳಿನದೋ ಯಂತ್ರದ್ದೋ ಯಾರಿಗೂ ಗೊತ್ತಾಗುವುದಿಲ್ಲ.

ವೈರ್ ಬ್ರಷ್, ಎಮರಿ ಪೇಪರ್, ಡೀಸೆಲ್, ಸೀಮೆಎಣ್ಣೆ ಯಾವುದೂ ಬೇಡ. ಗ್ರೀಸ್ ಅಂಟಿದ್ದರೆ ಅಂಟಿಕೊಂಡೇ ಇರಲಿ. ಕೊಳೆಯೂ ಸಾಕ್ಷಿಯೇ. ಇದು ಅತಿ ಅನಿಸಿದರೆ ಅಮೆರಿಕದ ಸೂ ಸಿಟಿಯ ಕಥೆ ಕೇಳಿ. 1989ರ ಜುಲೈ 19ರಂದು ಯುನೈಟೆಡ್ ಏರ್‌ಲೈನ್ಸಿನ ಡಿಸಿ-10 ವಿಮಾನದ ಬಾಲದ ಎಂಜಿನ್ನಿನಲ್ಲಿ ಟೈಟಾನಿಯಂ ಫ್ಯಾನ್ ಡಿಸ್ಕ್ ಒಡೆಯಿತು. ವಿಮಾನದಲ್ಲಿದ್ದ 296 ಜನರಲ್ಲಿ 112 ಮಂದಿ ಸತ್ತರು. ಡಿಸ್ಕ್ ಸಿಕ್ಕಿದ್ದು ಮೂರು ತಿಂಗಳ ಮೇಲೆ, ಅಯೋವಾದ ಜೋಳದ ಹೊಲದಲ್ಲಿ, ಕಟಾವಿನ ಹೊತ್ತಿಗೆ. ಲ್ಯಾಬ್‌ನಲ್ಲಿ ಅದರ ಬಿರುಕಿನ ಮುಖವನ್ನು ಪರೀಕ್ಷಿಸಿದಾಗ, ಹಿಂದೊಮ್ಮೆ ತಪಾಸಣೆಯಲ್ಲಿ ಬಿರುಕು ಹುಡುಕಲು ಹಚ್ಚಿದ್ದ ಪೆನೆಟ್ರೆಂಟ್ ದ್ರವದ ಅಂಶ ಸಿಕ್ಕಿತು. ಅಂದರೆ ಆ ತಪಾಸಣೆಯ ದಿನವೇ ಬಿರುಕು ಇತ್ತು, ದ್ರವ ಒಳಗೆ ಇಳಿದಿತ್ತು, ನೋಡಿದವರ ಕಣ್ಣಿಗೆ ಬಿದ್ದಿರಲಿಲ್ಲ. ತಿಂಗಳುಗಟ್ಟಲೆ ಹೊಲದಲ್ಲಿ ಬಿದ್ದ ಲೋಹದಲ್ಲಿ ಉಳಿದ ಆ ಚೂರು ರಾಸಾಯನಿಕ ಇಡೀ ತನಿಖೆಯ ದಿಕ್ಕು ತೋರಿಸಿತು. ನಿಮ್ಮ ಫಿಟ್ಟರ್ ಡೀಸೆಲ್‌ನಲ್ಲಿ ತೊಳೆದಿದ್ದರೆ?

ಗ್ಯಾಸ್ ಕಟ್ಟಿಂಗ್ ಬಗ್ಗೆ ಒಂದು ಮಾತು. ಬೇರಿಂಗ್ ಒಳಗೆ ಸಿಕ್ಕಿಕೊಂಡ ತುಂಡನ್ನು ತೆಗೆಯಲು ಬೇರೆ ದಾರಿಯೇ ಇಲ್ಲದಿದ್ದರೆ ಕತ್ತರಿಸಿ. ಆದರೆ ಮುರಿದ ಮುಖದಿಂದ ಒಂದು ಗೇಣಾದರೂ ದೂರದಲ್ಲಿ. ಆಗುವುದಾದರೆ ಗರಗಸದಿಂದ. ಬಿಸಿ ತಾಗಿದ ಉಕ್ಕಿನ ಒಳರಚನೆ ಬದಲಾಗುತ್ತದೆ, ಗಡಸುತನವೂ ಬದಲಾಗುತ್ತದೆ. ಕಿಡಿ, ಕರಗಿದ ಲೋಹ ಸಿಡಿಯದ ಹಾಗೆ ಮುಖಕ್ಕೆ ಒಣ ಬಟ್ಟೆ ಅಡ್ಡ ಇಡಿ.

ಯಾರಿಗಾದರೂ ಪೆಟ್ಟಾಗಿದ್ದರೆ ಈ ಮಾತೆಲ್ಲ ಪಕ್ಕಕ್ಕಿರಲಿ. ಜನರನ್ನು ನೋಡಿ, ಜಾಗಕ್ಕೆ ಹಗ್ಗ ಕಟ್ಟಿ. ಮಹಜರು ಆಗುವ ತನಕ ಏನನ್ನೂ ಅಲ್ಲಾಡಿಸಬೇಡಿ. ಬಾಯ್ಲರ್ ಸಿಡಿದಿದ್ದರೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೆ ಕೂಡಲೇ ತಿಳಿಸಬೇಕು. ಅಲ್ಲಿ ನಿಮ್ಮ ಇಷ್ಟಕ್ಕೆ ತುಂಡು ಎತ್ತುವ ಹಾಗಿಲ್ಲ.

ಫೋಟೊ, ಗುರುತು, ಪ್ಯಾಕಿಂಗ್

ಮೊಬೈಲ್ ಕ್ಯಾಮೆರಾ ಸಾಕು. ದೂರದಿಂದ ಹತ್ತಿರಕ್ಕೆ ಬನ್ನಿ. ಮೊದಲು ಇಡೀ ಯಂತ್ರ, ಆಮೇಲೆ ಗೇರ್‌ಬಾಕ್ಸ್, ಆಮೇಲೆ ಶಾಫ್ಟ್, ಕೊನೆಗೆ ಮುರಿದ ಮುಖ. ಪ್ರತಿ ಹತ್ತಿರದ ಫೋಟೊದಲ್ಲೂ ಒಂದು ಸ್ಕೇಲ್ ಇರಲಿ. ಫ್ಲ್ಯಾಶ್ ಆಫ್ ಮಾಡಿ, ಟಾರ್ಚನ್ನು ಪಕ್ಕದಿಂದ, ಆದಷ್ಟು ಕೆಳಮಟ್ಟದಿಂದ ಹಾಯಿಸಿ. ಬೆಳಕು ಓರೆಯಾಗಿ ಬಿದ್ದಾಗ ಗೆರೆಗಳು ಎದ್ದು ಕಾಣುತ್ತವೆ. ನೇರ ಫ್ಲ್ಯಾಶ್‌ನಲ್ಲಿ ಬರೀ ಹೊಳಪು ಬರುತ್ತದೆ. ಟಾರ್ಚ್ ಸುತ್ತಲೂ ತಿರುಗಿಸುತ್ತಾ ನಾಲ್ಕು ದಿಕ್ಕಿನಿಂದ ತೆಗೆಯಿರಿ.

ಬಿಚ್ಚುವ ಮುಂಚೆ ಪೇಂಟ್ ಮಾರ್ಕರ್‌ನಿಂದ ಗುರುತು ಹಾಕಿ. ಮೋಟರ್ ಕಡೆ ಯಾವುದು, ಮೇಲೆ ಯಾವುದು, ಯಾವ ದಿಕ್ಕಿಗೆ ತಿರುಗುತ್ತಿತ್ತು. ಗುರುತು ಮುರಿದ ಜಾಗದಿಂದ ದೂರ ಇರಲಿ. ಬೋಲ್ಟುಗಳಿದ್ದರೆ ಪ್ರತಿಯೊಂದಕ್ಕೂ ನಂಬರ್ ಕೊಡಿ, ಮುರಿಯದೆ ಉಳಿದವು ಎಷ್ಟು ಬಿಗಿ ಇದ್ದವು ಎಂದು ಬಿಚ್ಚುವಾಗಲೇ ಬರೆದುಕೊಳ್ಳಿ. ಒಮ್ಮೆ ಎಲ್ಲವನ್ನೂ ಬಕೆಟ್‌ಗೆ ಸುರಿದ ಮೇಲೆ ಯಾವ ಬೋಲ್ಟ್ ಯಾವ ತೂತಿನದು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಚಿಕ್ಕ ಚೂರುಗಳನ್ನೂ ಹೆಕ್ಕಿ. ಗೇರ್‌ಬಾಕ್ಸಿನ ಎಣ್ಣೆಯನ್ನು ಶುಚಿಯಾದ ಬಾಟಲಿಯಲ್ಲಿ ತೆಗೆದಿಡಿ. ತಳದಲ್ಲಿ ಕೂತ ಲೋಹದ ಪುಡಿಯೂ ಬೇಕು. ಸ್ಟೋರ್‌ನಲ್ಲಿ ಅದೇ ಲಾಟಿನ ಹೊಸ ಶಾಫ್ಟ್ ಇದ್ದರೆ ಅದನ್ನೂ ಲ್ಯಾಬ್‌ಗೆ ತೋರಿಸಲು ಕಾದಿರಿಸಿ. ಒಳ್ಳೆಯದು ಪಕ್ಕದಲ್ಲಿ ಇದ್ದರೆ ಕೆಟ್ಟದ್ದನ್ನು ಓದುವುದು ಸುಲಭ.

ಬೇರಿಂಗನ್ನು ತೊಳೆಯದೆ, ಬಿಚ್ಚದೆ, ಗ್ರೀಸ್ ಸಮೇತ ಹಾಗೇ ಕಳಿಸಿ. ಹೊರಗಿನ ರಿಂಗಿನ ಮೇಲೆ ಭಾರ ಬೀಳುತ್ತಿದ್ದ ಜಾಗ ಯಾವುದು ಅಂತ ಗುರುತು ಇರಲಿ. ವಿಎಫ್‌ಡಿ (ಮೋಟರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಇರುವ ಮೋಟರುಗಳಲ್ಲಿ ಬೇರಿಂಗ್ ಮೂಲಕ ಕರೆಂಟ್ ಹರಿದು ಓಟದ ಹಾದಿಯಲ್ಲಿ ಸಾಲು ಸಾಲು ಅಡ್ಡ ಗೆರೆಗಳು ಮೂಡುತ್ತವೆ. ಅದು ಗ್ರೀಸಿನ ತಪ್ಪೂ ಅಲ್ಲ, ಬೇರಿಂಗ್ ಕಂಪನಿಯ ತಪ್ಪೂ ಅಲ್ಲ. ಒರೆಸಿ ಹೊಳಪು ಮಾಡಿದರೆ ಗೊತ್ತಾಗುವುದು ಕಷ್ಟ.

ಇನ್ನು ಪ್ಯಾಕಿಂಗ್. ಒದ್ದೆ ಇದ್ದರೆ ಒಣ ಗಾಳಿಯಿಂದ ಮೆಲ್ಲಗೆ ಊದಿ ಒಣಗಿಸಿ. ಬಾಯಿಂದ ಊದಬೇಡಿ, ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಇದ್ದರೆ ಅದೂ ಬೇಡ. ಮುಖಕ್ಕೆ ಏನೂ ತಾಗದ ಹಾಗೆ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ. ಹತ್ತಿ, ಟಿಶ್ಯೂ ಪೇಪರ್ ನೇರವಾಗಿ ಮುಖದ ಮೇಲೆ ಬೇಡ, ಎಳೆ ಅಂಟುತ್ತದೆ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಇನ್ನೂ ಹುಷಾರಾಗಿರಬೇಕು. ಹೊಸದಾಗಿ ಮುರಿದ ಉಕ್ಕಿನ ಮೇಲೆ ರಾತ್ರಿ ಕಳೆಯುವುದರೊಳಗೆ ತುಕ್ಕು ಏಳುತ್ತದೆ.

ಯಂತ್ರದ ಕಥೆ ಒಂದು ಪುಟದಲ್ಲಿ

ಲ್ಯಾಬ್‌ಗೆ ತುಂಡು ಕಳಿಸಿ 'ಯಾಕೆ ಮುರಿಯಿತು ಹೇಳಿ' ಎಂದಷ್ಟೇ ಬರೆದ ಪತ್ರ ಕೆಲಸಕ್ಕೆ ಬಾರದು. ಇದನ್ನು ಬರೆಯಿರಿ: ಡ್ರಾಯಿಂಗ್, ಮೆಟೀರಿಯಲ್ ಗ್ರೇಡ್, ಹೀಟ್ ಟ್ರೀಟ್‌ಮೆಂಟ್ ಸರ್ಟಿಫಿಕೇಟ್, ಯಾವಾಗ ಹಾಕಿದ್ದು, ಎಷ್ಟು ಗಂಟೆ ಓಡಿದೆ, ಆರ್‌ಪಿಎಂ ಎಷ್ಟು, ಹಿಂದೆ ಎಷ್ಟು ಸಲ ಮುರಿದಿದೆ. ಈಚೆಗೆ ಏನು ಬದಲಾಯಿತು? ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸಿಕ್ಕರೆ ಅರ್ಧ ದಾರಿ ಸವೆದ ಹಾಗೆ. ಕಪ್ಲಿಂಗ್ ಬದಲಾಗಿತ್ತಾ, ಅಲೈನ್‌ಮೆಂಟ್ ಮಾಡಿದ್ದರಾ, ಮೋಟರ್ ದೊಡ್ಡದಾಗಿತ್ತಾ, ಶಾಫ್ಟಿಗೆ ಎಲ್ಲಾದರೂ ವೆಲ್ಡ್ ಬಿಲ್ಡಪ್ ಮಾಡಿ ಲೇಥ್‌ನಲ್ಲಿ ತಿರುಗಿಸಿದ್ದರಾ?

ಕೊನೆಯದನ್ನು ಮುಚ್ಚಿಡುವುದೇ ಹೆಚ್ಚು. ಸವೆದ ಬೇರಿಂಗ್ ಜಾಗಕ್ಕೆ ವೆಲ್ಡ್ ತುಂಬುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಮುಂಚಿತವಾಗಿ ಬಿಸಿ ಮಾಡದೆ ಇಎನ್24 ಮೇಲೆ ವೆಲ್ಡ್ ಮಾಡಿದರೆ ಅಂಚಿನಲ್ಲಿ ಗಡಸಾದ, ಸುಲಭವಾಗಿ ಬಿರುಕು ಬಿಡುವ ಪದರ ಉಂಟಾಗುತ್ತದೆ. ನೀವು ಹೇಳದಿದ್ದರೂ ಸೂಕ್ಷ್ಮದರ್ಶಕ ಹೇಳುತ್ತದೆ. ಸುಮ್ನೆ ಮೊದಲೇ ಹೇಳಿಬಿಡಿ, ಲ್ಯಾಬ್‌ನವರ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಬರಿಗಣ್ಣಿನ ಓದು

ಹತ್ತು ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್ ಇದ್ದರೆ ನೀವೇ ಎಷ್ಟೋ ಓದಬಹುದು. ತೀರ್ಪು ಕೊಡಲು ಅಲ್ಲ, ಲ್ಯಾಬ್‌ಗೆ ಏನು ಕೇಳಬೇಕು ಅಂತ ತಿಳಿಯಲು.

ಮೊದಲು ನೋಡಬೇಕಾದ್ದು, ಬಗ್ಗಿದೆಯೇ? ಶಾಫ್ಟ್ ತಿರುಚಿಕೊಂಡು, ಬಾಗಿ, ಕತ್ತು ತೆಳುವಾಗಿ ಮುರಿದಿದ್ದರೆ ಅದು ಒಂದೇ ಸಲದ ಮಿತಿಮೀರಿದ ಹೊರೆ. ಏನೋ ಜಾಮ್ ಆಗಿದೆ. ಮುಖ ಮಂಕು ಬೂದು ಬಣ್ಣ, ನಾರು ನಾರಾಗಿ ಇರುತ್ತದೆ. ಸ್ವಲ್ಪವೂ ಬಗ್ಗದೆ ಚಟ್ಟನೆ ಒಡೆದಿದ್ದರೆ ಮುಖ ಹರಳು ಹರಳಾಗಿ ಮಿನುಗುತ್ತದೆ. ದೊಡ್ಡ ಪ್ಲೇಟುಗಳಲ್ಲಿ ಇಂಥ ಒಡಕಿನ ಮುಖದ ಮೇಲೆ ಬಾಣದ ತುದಿಗಳ ಸಾಲು ಕಾಣುತ್ತದೆ. ಆ ತುದಿಗಳು ಒಡಕು ಶುರುವಾದ ಜಾಗದ ಕಡೆಗೆ ಬೆರಳು ಮಾಡುತ್ತವೆ. ಮಿನುಗುವ ಮುಖ ನೋಡಿ ಹಳೆಯ ಮೇಸ್ತ್ರಿಗಳು 'ಓಡಿ ಓಡಿ ಉಕ್ಕು ಹರಳುಗಟ್ಟಿದೆ' ಎನ್ನುತ್ತಾರೆ. ಉಕ್ಕು ಕುಲುಮೆಯಿಂದ ಬಂದ ದಿನದಿಂದಲೂ ಹರಳುಗಳದ್ದೇ. ಓಡಿದ್ದಕ್ಕೆ ಹೊಸದಾಗಿ ಹರಳಾಗುವುದಿಲ್ಲ.

ತಿರುಗುವ ಯಂತ್ರಗಳಲ್ಲಿ ಜಾಸ್ತಿ ಸಿಗುವುದು ಮೂರನೇ ಬಗೆ, ಫೆಟೀಗ್. ಲೋಹ ದಣಿಯುವುದು. ಹೊರೆ ಮಿತಿಯೊಳಗೇ ಇರುತ್ತದೆ, ಆದರೆ ಲಕ್ಷಾಂತರ ಸಲ ಬಂದು ಹೋಗುತ್ತದೆ. ಒಂದು ಮೂಲೆಯಲ್ಲಿ ಕೂದಲೆಳೆಯ ಬಿರುಕು ಹುಟ್ಟಿ ದಿನಾ ಇಷ್ಟಿಷ್ಟೇ ಬೆಳೆಯುತ್ತದೆ. ಮುಖ ನುಣುಪಾಗಿ, ಕಪ್ಪೆಚಿಪ್ಪಿನ ಮೇಲಿನ ಬಾಗಿದ ಗೆರೆಗಳ ಹಾಗೆ ಕಾಣುತ್ತದೆ. ಎಂಜಿನಿಯರುಗಳು ಇದಕ್ಕೆ ಬೀಚ್ ಮಾರ್ಕ್ ಎನ್ನುತ್ತಾರೆ. ಯಂತ್ರ ನಿಂತು ಓಡಿದಾಗ, ಹೊರೆ ಏರಿಳಿದಾಗ ಈ ಗೆರೆಗಳು ಬೀಳುತ್ತವೆ. ಗೆರೆಗಳ ಬಾಗು ಯಾವ ಬಿಂದುವನ್ನು ಸುತ್ತಿದೆಯೋ ಅಲ್ಲೇ ಬಿರುಕಿನ ಹುಟ್ಟು. ಎದುರು ಕಡೆ ಒರಟಾದ ಜಾಗ ಇರುತ್ತದೆ. ಅದು ಕೊನೆಯ ಕ್ಷಣದಲ್ಲಿ, ಉಳಿದ ಲೋಹ ಹೊರೆ ತಾಳದೆ ಹರಿದ ಭಾಗ.

ಆ ಒರಟು ಭಾಗ ಎಷ್ಟು ದೊಡ್ಡದು ಅಂತ ಅಳೆಯಿರಿ. ಇಡೀ ಮುಖದ ಹತ್ತನೇ ಒಂದು ಪಾಲು ಇದ್ದರೆ ಶಾಫ್ಟಿನ ಮೇಲೆ ಹೊರೆ ಕಡಿಮೆಯೇ ಇತ್ತು, ಬಿರುಕು ಆರಾಮಾಗಿ ಬೆಳೆದಿದೆ ಎಂದು ಅರ್ಥ. ಅರ್ಧಕ್ಕಿಂತ ಜಾಸ್ತಿ ಇದ್ದರೆ ಹೊರೆ ಭಾರೀ ಇತ್ತು, ಇಲ್ಲವೇ ಲೋಹವೇ ಬಿರುಕನ್ನು ತಾಳುವ ಗುಣದ್ದಲ್ಲ. ಅಮೆರಿಕದ ಒಹಾಯೊ ನದಿಯ ಮೇಲಿದ್ದ ಸಿಲ್ವರ್ ಬ್ರಿಡ್ಜ್ 1967ರ ಡಿಸೆಂಬರ್ 15ರಂದು ಕುಸಿದು 46 ಜನ ಸತ್ತರು. ಕಾರಣವಾದ ಐಬಾರ್‌ನಲ್ಲಿ (ತುದಿಯಲ್ಲಿ ತೂತಿರುವ, ಸೇತುವೆಯನ್ನು ಹಿಡಿದಿಡುವ ಉಕ್ಕಿನ ಪಟ್ಟಿ) ಬಿರುಕಿನ ಆಳ ಸುಮಾರು 2.5 ಮಿ.ಮೀ. ಮಾತ್ರ. ಆ ಉಕ್ಕಿಗೆ ಅಷ್ಟೇ ಸಾಕಾಗಿತ್ತು.

ಅಂಚಿನ ಸುತ್ತ ಗರಗಸದ ಹಲ್ಲಿನಂತೆ ಚಿಕ್ಕ ಮೆಟ್ಟಿಲುಗಳು ಇವೆಯೇ ನೋಡಿ. ಇದ್ದರೆ ಬಿರುಕು ಒಂದೇ ಕಡೆ ಹುಟ್ಟಿಲ್ಲ, ಹತ್ತಾರು ಕಡೆ ಒಟ್ಟಿಗೇ ಹುಟ್ಟಿದೆ. ಮೆಟ್ಟಿಲ ಮೂಲೆ ಚೂಪಾಗಿದ್ದಾಗ ಹೀಗಾಗುತ್ತದೆ. ನಮ್ಮ ಸಕ್ಕರೆ ಕಾರ್ಖಾನೆಯ ಶಾಫ್ಟಿನಲ್ಲಿ ಇದೇ ಕಂಡಿತು ಎಂದಿಟ್ಟುಕೊಳ್ಳಿ. ಒರಟು ಭಾಗ ಚಿಕ್ಕದು, ನಡುವಿನ ಕಡೆ. ಆಗ ಹೊರೆಗಿಂತ ಮೊದಲು ಮೂಲೆಯ ರೇಡಿಯಸ್ ಮೇಲೆ ಅನುಮಾನ ಪಡಬೇಕು.

ತಿರುಚುವ ಹೊರೆಯಲ್ಲಿ ಇನ್ನೊಂದು ಸುಳಿವಿದೆ. ಒಂದು ಚಾಕ್‌ಪೀಸಿನ ಎರಡೂ ತುದಿ ಹಿಡಿದು ತಿರುಚಿ. 45 ಡಿಗ್ರಿ ಓರೆಯಾಗಿ, ಸುರುಳಿಯಾಗಿ ಮುರಿಯುತ್ತದೆ. ಪೆಡಸಾದ ಶಾಫ್ಟುಗಳೂ, ತಿರುಚಿನಿಂದ ದಣಿದ ಶಾಫ್ಟುಗಳೂ ಹೀಗೇ ಒಡೆಯುತ್ತವೆ. ಮೆದು ಉಕ್ಕಿನ ಶಾಫ್ಟ್ ಒಂದೇ ಏಟಿನ ತಿರುಚಿಗೆ ಸಿಕ್ಕರೆ ಅಡ್ಡಲಾಗಿ, ಚಪ್ಪಟೆಯಾಗಿ ಕತ್ತರಿಸಿಕೊಳ್ಳುತ್ತದೆ.

ಯಾವ ಲ್ಯಾಬ್?

ಬೆಂಗಳೂರಿನ ಪೀಣ್ಯದಂಥ ಕಡೆ, ಫೌಂಡ್ರಿಗಳಿರುವ ಬೆಳಗಾವಿಯಂಥ ಊರುಗಳಲ್ಲಿ ಲೋಹ ಪರೀಕ್ಷೆಯ ಖಾಸಗಿ ಲ್ಯಾಬ್‌ಗಳು ಸಿಗುತ್ತವೆ. ಕೆಮಿಸ್ಟ್ರಿ, ಗಡಸುತನ, ಮೈಕ್ರೋ (ಒಳರಚನೆಯ ಪರೀಕ್ಷೆ) ಇಷ್ಟೇ ಸಾಕಾದರೆ ಅಲ್ಲಿಗೇ ಹೋಗಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದು ಕೇಳುವುದು ಎಲ್ಲರಿಗೂ ಗೊತ್ತು. ಯಾವ ಪರೀಕ್ಷೆಗೆ ಇದೆ ಎಂದು ಕೇಳುವವರು ಕಮ್ಮಿ. ಐಎಸ್‌ಒ/ಐಇಸಿ 17025 ಪ್ರಕಾರ ಸಿಗುವ ಮಾನ್ಯತೆ ಪರೀಕ್ಷೆವಾರು ಇರುತ್ತದೆ. ಆ ಪಟ್ಟಿ ತರಿಸಿ ನೋಡಿ.

ಮುರಿದ ಮುಖವನ್ನು ಓದಿ ಕಾರಣ ಹೇಳುವುದು ಬೇರೆಯೇ ಕೆಲಸ. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು, ಅದಕ್ಕಿಂತ ಮುಖ್ಯವಾಗಿ ಅನುಭವಿ ಕಣ್ಣು ಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ವಿಮಾನ ಭಾಗಗಳ ವೈಫಲ್ಯ, ಅಪಘಾತಗಳ ವಿಶ್ಲೇಷಣೆಗೆಂದೇ ತಂಡವಿದೆ. ಐಐಎಸ್‌ಸಿ, ಸುರತ್ಕಲ್‌ನ ಎನ್‌ಐಟಿಕೆಗಳಲ್ಲಿ ಲೋಹಶಾಸ್ತ್ರದ ವಿಭಾಗಗಳಿವೆ. ಟ್ರಾನ್ಸ್‌ಫಾರ್ಮರ್, ಕೇಬಲ್, ಸ್ವಿಚ್‌ಗೇರ್ ಆದರೆ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಸಿಪಿಆರ್‌ಐ ಕಡೆ ನೋಡಿ. ಅಲ್ಲಿನ ಪರೀಕ್ಷೆಗಳ ದಾರಿಯೇ ಬೇರೆ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಅಳೆದು, ಅಸಿಟಿಲೀನ್ ಹೆಚ್ಚಿದ್ದರೆ ಒಳಗೆ ಆರ್ಕ್ ಹೊಡೆದಿದೆ ಎಂದು ತಿಳಿಯುತ್ತಾರೆ.

ಪ್ಲಾಸ್ಟಿಕ್, ರಬ್ಬರ್ ಭಾಗವಾದರೆ ಎಫ್‌ಟಿಐಆರ್, ಡಿಎಸ್‌ಸಿ (ಪ್ಲಾಸ್ಟಿಕ್ ಯಾವುದು, ಬಿಸಿಗೆ ಹೇಗೆ ವರ್ತಿಸುತ್ತದೆ ಎಂದು ತಿಳಿಸುವ ಉಪಕರಣಗಳು) ಇರುವ ಪಾಲಿಮರ್ ಲ್ಯಾಬ್ ಬೇಕು. ಅವನ್ನು ಅಸಿಟೋನ್, ಥಿನ್ನರ್‌ನಿಂದ ಒರೆಸಲೇಬೇಡಿ.

ಪರೀಕ್ಷೆಗಳ ಸರದಿ

ಇಲ್ಲಿ ಒಂದೇ ನಿಯಮ: ಕತ್ತರಿಸದೆ ಆಗುವುದೆಲ್ಲ ಮೊದಲು, ಕತ್ತರಿಸುವುದು ಆಮೇಲೆ. ಲ್ಯಾಬ್‌ಗೆ ಕೊಡುವ ವರ್ಕ್ ಆರ್ಡರ್‌ನಲ್ಲೂ ಇದೇ ಸರದಿ ಬರೆಯಿರಿ. ಪ್ರತಿ ಹಂತದ ಮೇಲೆ ಫೋನ್ ಮಾಡಿ ಮಾತಾಡಲು ಹೇಳಿ, ಮುಂದಿನದಕ್ಕೆ ಆಮೇಲೆ ಒಪ್ಪಿಗೆ ಕೊಡಿ. ಎಲ್ಲ ಪರೀಕ್ಷೆಗಳಿಗೂ ಒಟ್ಟಿಗೆ ಟಿಕ್ ಹಾಕಿ ದುಡ್ಡು ಕಳೆದುಕೊಳ್ಳುವವರು ಬಹಳ.

ಮೊದಲು ಕಣ್ಣು, ಸ್ಟೀರಿಯೋ ಸೂಕ್ಷ್ಮದರ್ಶಕ, ಅಳತೆ. ಮೆಟ್ಟಿಲ ಮೂಲೆಯ ರೇಡಿಯಸ್ ಡ್ರಾಯಿಂಗ್‌ನಲ್ಲಿ 3 ಮಿ.ಮೀ. ಇದ್ದು, ನಿಜದಲ್ಲಿ ಅರ್ಧ ಮಿ.ಮೀ. ಇದ್ದರೆ ಅದು ಇಲ್ಲೇ ಗೊತ್ತಾಗುತ್ತದೆ. ಟೂಲಿನ ಗೀರುಗಳೂ ಕಾಣುತ್ತವೆ.

ಆಮೇಲೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಅಂದರೆ ಎಸ್‌ಇಎಂ. ಇದರ ಚೇಂಬರ್ ಚಿಕ್ಕದು, ದೊಡ್ಡ ತುಂಡಾದರೆ ಮುಖವನ್ನು ಮಾತ್ರ ಕತ್ತರಿಸಿ ಇಡಬೇಕಾಗುತ್ತದೆ. ಅದನ್ನು ಲ್ಯಾಬ್‌ನವರೇ ಮಾಡಲಿ. ಸಾವಿರಾರು ಪಟ್ಟು ಹಿಗ್ಗಿಸಿದಾಗ ಮೂರು ಬೇರೆ ಬೇರೆ ಚಿತ್ರ ಸಿಗುತ್ತವೆ. ಎಳೆದು ಹರಿದ ಲೋಹದಲ್ಲಿ ಸಣ್ಣ ಸಣ್ಣ ಗುಳಿಗಳು. ಚಟ್ಟನೆ ಒಡೆದದ್ದರಲ್ಲಿ ಚಪ್ಪಟೆ ಮುಖಗಳು, ಇಲ್ಲವೇ ಹರಳುಗಳ ನಡುವಿನ ಗಡಿಯಲ್ಲೇ ಬಿಟ್ಟುಕೊಂಡ ಕಣ ಕಣದ ನೋಟ. ಫೆಟೀಗ್ ಆಗಿದ್ದರೆ ಒಂದರ ಪಕ್ಕ ಒಂದು ಸೂಕ್ಷ್ಮ ಗೆರೆಗಳು. ಗಟ್ಟಿ ಉಕ್ಕಿನಲ್ಲಿ, ತುಕ್ಕು ಹಿಡಿದ ಮುಖದಲ್ಲಿ ಈ ಗೆರೆಗಳು ಕಾಣದೆಯೂ ಇರಬಹುದು. ಕಾಣಲಿಲ್ಲ ಎಂದ ಮಾತ್ರಕ್ಕೆ ಫೆಟೀಗ್ ಅಲ್ಲ ಎನ್ನುವ ಹಾಗಿಲ್ಲ.

ಎಸ್‌ಇಎಂ ಜೊತೆ ಇರುವ ಇಡಿಎಸ್ ಮುಖದ ಮೇಲೆ ಅಂಟಿದ ಧಾತುಗಳನ್ನು ತೋರಿಸುತ್ತದೆ. ಕ್ಲೋರಿನ್, ಗಂಧಕ ಕಂಡರೆ ಸವಕಳಿಯ ಕಡೆ ಯೋಚಿಸಬೇಕು. ಹಾಗಾಗಿ ತೊಳೆಯುವ ಮುಂಚೆ ಒಮ್ಮೆ ಇಡಿಎಸ್ ಮಾಡಿಸಿ. ಆದರೆ ಉಕ್ಕಿನ ಗ್ರೇಡ್ ತಿಳಿಯಲು ಇದು ಬೇಡ, ಕಾರ್ಬನ್ ಲೆಕ್ಕ ಇದರಲ್ಲಿ ನಂಬುವಂಥದ್ದಲ್ಲ. ಇನ್ನೊಂದು ಮಾತು, ಬಿರುಕು ಹುಡುಕುವ ಡೈ ಪೆನೆಟ್ರೆಂಟ್ ಸ್ಪ್ರೇ ಇವೆಲ್ಲ ಮುಗಿದ ಮೇಲೆ. ಮೊದಲೇ ಹೊಡೆದರೆ ಮುಖ ಮಲಿನವಾಗುತ್ತದೆ.

ಈಗ ಕತ್ತರಿಸುವ ಸರದಿ. ಬಿರುಕು ಹುಟ್ಟಿದ ಬಿಂದುವಿನ ಮೂಲಕ ಉದ್ದಕ್ಕೆ ಸೀಳಿ, ಬೇಕಲೈಟ್‌ನಲ್ಲಿ ಕೂರಿಸಿ, ಕನ್ನಡಿಯಂತೆ ಪಾಲಿಶ್ ಮಾಡಿ, ನೈಟಲ್ ಎಂಬ ನೈಟ್ರಿಕ್ ಆಮ್ಲದ ತೆಳು ದ್ರಾವಣ ಹಚ್ಚುತ್ತಾರೆ. ಆಗ ಒಳರಚನೆ ಕಾಣುತ್ತದೆ. ಮೇಲ್ಪದರದಲ್ಲಿ ಕಾರ್ಬನ್ ಕಳೆದುಹೋಗಿ ಮೆದುವಾಗಿದೆಯೇ, ಒಳಗೆ ಸಲ್ಫೈಡ್, ಆಕ್ಸೈಡ್ ಕಸ ಇದೆಯೇ, ಹಳೆಯ ವೆಲ್ಡ್ ಇದೆಯೇ ಎಂಬುದೆಲ್ಲ ಇಲ್ಲಿ ಬಯಲಾಗುತ್ತದೆ. ಸೀಳುವ ಜಾಗ ತಪ್ಪಿದರೆ ಮತ್ತೊಂದು ಅವಕಾಶ ಇಲ್ಲ. ಅದಕ್ಕೇ ಸೀಳುವ ಮುಂಚೆ ಗುರುತು ಹಾಕಿದ ಫೋಟೊ ಕಳಿಸಲು ಹೇಳಿ.

ಗಡಸುತನವನ್ನು ಅಂಚಿನಿಂದ ನಡುವಿನ ತನಕ ಸಾಲಾಗಿ ಅಳೆಯಿಸಿ. ಅಗ್ಗದ ಪರೀಕ್ಷೆ, ಆದರೆ ಇದರಷ್ಟು ಮಾತಾಡುವುದು ಇನ್ನೊಂದಿಲ್ಲ. ಬ್ರಿನೆಲ್ ಅಂಕಿಯನ್ನು ಸುಮಾರು 3.4ರಿಂದ ಗುಣಿಸಿದರೆ ಉಕ್ಕಿನ ಎಳೆತದ ಬಲ ಮೆಗಾಪಾಸ್ಕಲ್‌ನಲ್ಲಿ ಅಂದಾಜು ಸಿಗುತ್ತದೆ. 'ಟಿ' ಎಂಬ ಬಲದ ದರ್ಜೆಗೆ ಹೀಟ್ ಟ್ರೀಟ್ ಮಾಡಿದ ಇಎನ್24 ಆದರೆ 248ರಿಂದ 302 ಬ್ರಿನೆಲ್ ಇರಬೇಕು. ಅಳೆದಾಗ 180 ಬಂತು ಅಂದುಕೊಳ್ಳಿ. ಎರಡು ಸಾಧ್ಯತೆ. ಹೀಟ್ ಟ್ರೀಟ್‌ಮೆಂಟ್ ಸರಿಯಾಗಿಲ್ಲ, ಇಲ್ಲವೇ ಅದು ಇಎನ್24 ಅಲ್ಲವೇ ಅಲ್ಲ.

ಯಾವುದು ಅಂತ ಹೇಳುವುದು ಸ್ಪಾರ್ಕ್ ಒಇಎಸ್ ಕೆಮಿಸ್ಟ್ರಿ, ಅಂದರೆ ಲೋಹಕ್ಕೆ ಕಿಡಿ ಹೊಡೆದು ಅದರ ಬೆಳಕಿನಿಂದ ಧಾತುಗಳನ್ನು ಅಳೆಯುವ ಪರೀಕ್ಷೆ. ಇಎನ್24ರಲ್ಲಿ ನಿಕ್ಕಲ್ ಒಂದೂವರೆ ಶೇಕಡಾ ಆಸುಪಾಸು, ಕ್ರೋಮಿಯಂ ಶೇ. 1ರ ಮೇಲೆ, ಜೊತೆಗೆ ಸ್ವಲ್ಪ ಮಾಲಿಬ್ಡಿನಂ ಇರಬೇಕು. ನಿಕ್ಕಲ್ ಇಲ್ಲವೇ ಇಲ್ಲ, ಕಾರ್ಬನ್ ಶೇ. 0.40 ಬಂತೆಂದರೆ ಯಾರೋ ಇಎನ್8 ಎಂಬ ಸಾದಾ ಕಾರ್ಬನ್ ಉಕ್ಕಿನ ಬಾರನ್ನು ಕೊಟ್ಟಿದ್ದಾರೆ. ಸ್ಟೋರ್‌ನಲ್ಲಿ ಬಣ್ಣದ ಗುರುತು ಅಳಿಸಿದ ಬಾರುಗಳು ಅದಲು ಬದಲಾಗುವುದು ಅಪರೂಪವೇನಲ್ಲ. ಕೈಯಲ್ಲಿ ಹಿಡಿದು ಎಕ್ಸ್-ರೇ ಹಾಯಿಸುವ ಎಕ್ಸ್‌ಆರ್‌ಎಫ್ ಗನ್ ನಿಕ್ಕಲ್ ಇದೆಯೋ ಇಲ್ಲವೋ ಥಟ್ಟನೆ ಹೇಳುತ್ತದೆ. ಆದರೆ ಅದು ಕಾರ್ಬನ್ ಅಳೆಯಲಾರದು.

ಟೆನ್ಸೈಲ್ (ಎಳೆದು ನೋಡುವ), ಇಂಪ್ಯಾಕ್ಟ್ (ಹೊಡೆದು ನೋಡುವ) ಪರೀಕ್ಷೆಗಳು ಕೊನೆಗೆ, ಲೋಹ ಉಳಿದಿದ್ದರೆ, ಅನುಮಾನ ಉಳಿದಿದ್ದರೆ ಮಾತ್ರ.

ಬೋಲ್ಟ್ ಮತ್ತು ಸ್ಟೇನ್‌ಲೆಸ್

ಬಿಗಿ ಮಾಡಿದ ದಿನ ಸರಿಯಿದ್ದು, ಮಾರನೇ ದಿನವೋ ವಾರದ ಮೇಲೋ ತಾನಾಗಿ ತಲೆ ಕಳಚಿ ಬೀಳುವ ಬೋಲ್ಟುಗಳಿವೆ. 10.9, 12.9 ಎಂಬ ಹೆಚ್ಚು ಬಲದ ಗ್ರೇಡಿನವು, ಜಿಂಕ್ ಪ್ಲೇಟಿಂಗ್ ಆದವು. ಫಿಟ್ಟರ್ ಜಾಸ್ತಿ ಟಾರ್ಕ್ ಕೊಟ್ಟ ಎಂದು ಬೈಸಿಕೊಳ್ಳುತ್ತಾನೆ, ಪಾಪ. ಆಸಿಡ್ ತೊಳೆತ, ಎಲೆಕ್ಟ್ರೋಪ್ಲೇಟಿಂಗ್ ಹೊತ್ತಿನಲ್ಲಿ ಉಕ್ಕಿನೊಳಗೆ ಹೈಡ್ರೋಜನ್ ಸೇರಿರುತ್ತದೆ. ಪ್ಲೇಟಿಂಗ್ ಆದ ಕೆಲವೇ ಗಂಟೆಗಳೊಳಗೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಬೇಯಿಸಿ ಅದನ್ನು ಓಡಿಸಬೇಕು. ಆ ಹಂತ ತಪ್ಪಿದರೆ ಹೀಗಾಗುತ್ತದೆ. ಎಸ್‌ಇಎಂನಲ್ಲಿ ಹರಳುಗಳ ಗಡಿಯಲ್ಲೇ ಬಿಟ್ಟ ಒಡಕು ಕಾಣುತ್ತದೆ. ಹೈಡ್ರೋಜನ್ ಹೊರಗಿನ ವಾತಾವರಣದಿಂದಲೂ ಬರಬಹುದು. 2013ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಬೇ ಬ್ರಿಡ್ಜಿನ ಹೊಸ ಭಾಗದಲ್ಲಿ, ಕಲಾಯಿ ಮಾಡಿದ 96 ಭಾರೀ ಆಂಕರ್ ರಾಡುಗಳನ್ನು ಬಿಗಿ ಮಾಡಿದ ಮೇಲೆ 32 ಮುರಿದವು. ಅವು ನೀರು ನಿಂತ ತೂತುಗಳಲ್ಲಿ ವರ್ಷಗಟ್ಟಲೆ ಕೂತಿದ್ದವು. ಮುರಿದ ಬೋಲ್ಟ್ ಕಳಿಸುವಾಗ ಪ್ಲೇಟಿಂಗ್ ಯಾರಲ್ಲಿ ಆಯಿತು, ಬೇಯಿಸಿದ ದಾಖಲೆ ಇದೆಯೇ ಎಂದು ತಪ್ಪದೆ ಬರೆಯಿರಿ.

ಸ್ಟೇನ್‌ಲೆಸ್ 304 ಪೈಪು, ಟ್ಯಾಂಕು ಕೊಂಬೆ ಕೊಂಬೆಯಾಗಿ ಬಿರುಕು ಬಿಟ್ಟಿದ್ದರೆ ನೀರಿನ ಕ್ಲೋರೈಡ್ ಮತ್ತು ಬಿಸಿ ನೋಡಿ. ಎಳೆತ, ಕ್ಲೋರೈಡ್, ಸುಮಾರು 60 ಡಿಗ್ರಿ ದಾಟಿದ ಬಿಸಿ ಸೇರಿದರೆ ತುಕ್ಕೇ ಕಾಣದೆ ಒಡೆಯುತ್ತದೆ. ಕೊಳವೆಬಾವಿಯ ಗಡಸು ನೀರು ಬಳಸುವ ಡೈರಿ, ಬಿಸಿನೀರಿನ ಘಟಕದವರು ಇದನ್ನು ನೆನಪಿಡಬೇಕು.

ಜಗಳ ಇದ್ದರೆ

ಸಪ್ಲೈಯರ್ ಮೇಲೆ ಕ್ಲೇಮ್, ವಿಮೆ, ಕೋರ್ಟು, ಯಾವುದರ ವಾಸನೆ ಇದ್ದರೂ ಒಬ್ಬರೇ ಕತ್ತರಿಸಬೇಡಿ. ಎದುರಿನವರಿಗೆ ಲಿಖಿತವಾಗಿ ತಿಳಿಸಿ, ಅವರ ಜನ ಬಂದು ನೋಡಲಿ, ಪರೀಕ್ಷೆಯ ಸರದಿಗೆ ಇಬ್ಬರೂ ಸಹಿ ಹಾಕಲಿ. ವಿಮೆಯಾದರೆ ಸರ್ವೇಯರ್ ನೋಡುವ ತನಕ ಕಾಯಿರಿ. ಇಂಥ ಪರೀಕ್ಷೆಗೆ ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಇ860 ಎಂಬ ಮಾನದಂಡವೇ ಇದೆ, ಲ್ಯಾಬ್‌ಗೆ ಅದರ ಪ್ರಕಾರ ಮಾಡಿ ಎನ್ನಬಹುದು. ತುಂಡು ಯಾರ ಕೈಯಿಂದ ಯಾರ ಕೈಗೆ, ಯಾವ ದಿನ, ಸೀಲ್ ಇತ್ತೇ ಎಂಬ ಪಟ್ಟಿ ಒಂದು ಹಾಳೆಯಲ್ಲಿ ಇರಲಿ. ಪರಿಣತರ ಅಭಿಪ್ರಾಯ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಂ ಅಡಿ ಬರುತ್ತದೆ. ತುಂಡು ಅದೇ ತುಂಡು ಎಂದು ತೋರಿಸಲಾಗದಿದ್ದರೆ ಎಂಥ ದೊಡ್ಡ ಪರಿಣತರ ರಿಪೋರ್ಟಿಗೂ ಬೆಲೆ ಇಳಿಯುತ್ತದೆ. ಲ್ಯಾಬ್‌ನಲ್ಲಿ ಉಳಿದ ತುಂಡುಗಳನ್ನು ವಾಪಸ್ ಕೇಳಿ. ಇಲ್ಲದಿದ್ದರೆ ಕೆಲವು ತಿಂಗಳ ಮೇಲೆ ಅವರೂ ಎಸೆಯುತ್ತಾರೆ.

ರಿಪೋರ್ಟ್ ಕೈಗೆ ಬಂದಾಗ

'ಫೆಟೀಗ್‌ನಿಂದ ಮುರಿದಿದೆ' ಎಂದು ಮುಗಿಸಿದ ರಿಪೋರ್ಟ್ ಅರ್ಧ ರಿಪೋರ್ಟ್. ಅದು ಹೇಗೆ ಮುರಿಯಿತು ಎಂದಷ್ಟೇ ಹೇಳಿದೆ. ಬಿರುಕು ಎಲ್ಲಿ ಹುಟ್ಟಿತು, ಅಲ್ಲೇ ಯಾಕೆ ಹುಟ್ಟಿತು ಎನ್ನುವುದಕ್ಕೆ ಫೋಟೊ ಸಮೇತ ಉತ್ತರ ಕೇಳಿ.

'ಮ್ಯಾಂಗನೀಸ್ ಮಿತಿಗಿಂತ 0.02 ಕಡಿಮೆ, ಆದ್ದರಿಂದ ಮುರಿದಿದೆ' ಎನ್ನುವ ಸಾಲು ಕಂಡರೆ ನಂಬಬೇಡಿ. ಅಷ್ಟಕ್ಕೆ ಶಾಫ್ಟ್ ಮುರಿಯುವುದಿಲ್ಲ. ಗ್ರೇಡ್ ತಪ್ಪಿರುವುದು ಒಂದು ಸಂಗತಿ, ಅದೇ ಕಾರಣವಾಗಿದೆಯೇ ಎನ್ನುವುದು ಬೇರೆ ಸಂಗತಿ. ನಮ್ಮ ಶಾಫ್ಟನ್ನೇ ತಗೊಳ್ಳಿ. ಅದು ಇಎನ್8 ಎಂದು ಗೊತ್ತಾಯಿತು, ಮೂಲೆ ಚೂಪು ಎಂದೂ ಗೊತ್ತಾಯಿತು. ಎಲ್ಲರೂ ಸಪ್ಲೈಯರ್ ಮೇಲೆ ಹರಿಹಾಯುತ್ತಾರೆ. ಆದರೆ ಒರಟು ಭಾಗ ಚಿಕ್ಕದಿತ್ತು, ಹೊರೆ ಕಡಿಮೆ ಇತ್ತು ಎಂದು ಮುಖವೇ ಹೇಳಿದೆ. ನನ್ನನ್ನು ಕೇಳಿದರೆ ಮೊದಲ ತಪ್ಪು ಆ ಅರ್ಧ ಮಿ.ಮೀ. ಮೂಲೆಯದು. ಅಲ್ಲಿ ಒತ್ತಡ ಮೂರು ಪಟ್ಟಿಗೂ ಮೇಲೆ ಏರುತ್ತದೆ. 3 ಮಿ.ಮೀ. ರೇಡಿಯಸ್ ಕೊಟ್ಟರೆ ಎರಡು ಪಟ್ಟಿನ ಹತ್ತಿರಕ್ಕೆ ಇಳಿಯುತ್ತದೆ. ಅಸಲಿ ಇಎನ್24 ತಂದು ಅದೇ ಚೂಪು ಮೂಲೆ ಕೊರೆದರೆ ಅದೂ ಮುರಿಯಬಹುದು, ಸ್ವಲ್ಪ ತಡವಾಗಿ.

ಕಾರಣ ತಿಳಿಯುವ ಮುಂಚೆ ರಿಪೇರಿ ಮಾಡಿ ಯಂತ್ರ ಓಡಿಸುವ ಅವಸರಕ್ಕೆ ಇತಿಹಾಸದಲ್ಲಿ ದುಬಾರಿ ಉದಾಹರಣೆ ಬ್ರಿಟನ್ನಿನ ಕಾಮೆಟ್ ಜೆಟ್ ವಿಮಾನ. 1954ರ ಜನವರಿ 10ರಂದು ಇಟಲಿಯ ಎಲ್ಬಾ ದ್ವೀಪದ ಬಳಿ ಒಂದು ಕಾಮೆಟ್ ಆಕಾಶದಲ್ಲೇ ಒಡೆದು 35 ಜನ ಸತ್ತರು. ಅವಶೇಷ ಸಮುದ್ರದ ತಳದಿಂದ ಇನ್ನೂ ಪೂರ್ತಿ ಬಂದಿರಲಿಲ್ಲ. ಬೆಂಕಿಯೋ, ಎಂಜಿನ್ನೋ ಎಂದು ಊಹಿಸಿ, ಹಲವು ಮಾರ್ಪಾಡು ಮಾಡಿ, ಮಾರ್ಚ್ 23ರಂದು ಹಾರಾಟ ಮತ್ತೆ ಶುರು ಮಾಡಿದರು. ಏಪ್ರಿಲ್ 8ರಂದು ನೇಪಲ್ಸ್ ಹತ್ತಿರ ಇನ್ನೊಂದು ಬಿತ್ತು, 21 ಜನ ಸತ್ತರು. ಆಮೇಲೆ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಒಂದು ಇಡೀ ಕಾಮೆಟನ್ನು ನೀರಿನ ತೊಟ್ಟಿಯಲ್ಲಿಟ್ಟು ಒಳಗೆ ಒತ್ತಡ ಏರಿಸಿ ಇಳಿಸಿ ನೋಡಿದರು. ಮುಂಚಿನ ಹಾರಾಟಗಳೂ ಸೇರಿ 3,057 ಸುತ್ತಿಗೆ ಕಿಟಕಿಯ ಮೂಲೆಯಿಂದ ಬಿರುಕು ಬಿಟ್ಟು ಮೈ ಸೀಳಿತು. ಸಮುದ್ರದಿಂದ ತೆಗೆದ ಚೂರುಗಳಲ್ಲಿ ಮುರಿದ ಮುಖವೂ ಫೆಟೀಗ್ ಎಂದೇ ಹೇಳಿತು.

ಇಲ್ಲಿ ಮುಂದಿನ ಕೆಲಸ ಶಾಪ್ ಫ್ಲೋರ್‌ನಲ್ಲೇ ಇದೆ. ಅದೇ ಡ್ರಾಯಿಂಗ್‌ನ ಬೇರೆ ಶಾಫ್ಟುಗಳು ಯಾವ್ಯಾವ ಗೇರ್‌ಬಾಕ್ಸಿನಲ್ಲಿ ಓಡುತ್ತಿವೆ ಎಂದು ಪಟ್ಟಿ ಮಾಡಿ. ಮುಂದಿನ ಶಟ್‌ಡೌನ್‌ನಲ್ಲಿ ಮೆಟ್ಟಿಲ ಮೂಲೆಗಳಿಗೆ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆ (ಅಯಸ್ಕಾಂತ, ಕಬ್ಬಿಣದ ಪುಡಿಯಿಂದ ಬಿರುಕು ಹುಡುಕುವುದು) ಮಾಡಿಸಿ. ಸ್ಟೋರ್‌ನ ಬಾರುಗಳಿಗೆ ಒಮ್ಮೆ ಎಕ್ಸ್‌ಆರ್‌ಎಫ್ ಗನ್ ಹಿಡಿಸಿ. ಲೇಥ್ ಆಪರೇಟರ್ ಕೈಗೆ ಒಂದು ರೇಡಿಯಸ್ ಗೇಜ್ ಕೊಡಿ, ಇನ್‌ಸ್ಪೆಕ್ಷನ್ ಹಾಳೆಯಲ್ಲಿ ಮೂಲೆಯ ರೇಡಿಯಸ್ಸಿಗೆ ಒಂದು ಕಾಲಂ ಸೇರಿಸಿ.